ಜಾಲಿ ಮೇಲಿನ ಬಿಳಿ ಪಂಚೆ

ರುದ್ರಣ್ಣ, ಆ ದಿನ ನೀನು ಟವೆಲ್ ಬೀಸಲಿಲ್ಲ. ಬೀಸಿದ್ದನ್ನು ಕಂಡೆನೆಂದು ನಾನು ಹೇಳಿದ್ದು ಸುಳ್ಳು. ಇಷ್ಟು ಬರೆಯಲು ನನಗೆ ಹದಿನೆಂಟು ವರ್ಷ ಹಿಡಿಯಿತು — ನಾಚಿಕೆಗೇಡು, ಗೊತ್ತು.

ನಮ್ಮ ಹಳ್ಳದ ಅಣೆಕಟ್ಟನ್ನು ನೀನು ಮರೆತಿರಲಾರೆ. ಸುತ್ತಲ ಊರುಗಳಿಗೆಲ್ಲ ಕುಡಿಯುವ ನೀರು ಅಲ್ಲಿಂದಲೇ. ಕಟ್ಟೆಯ ಬುಡದಲ್ಲಿ ಕರೆಂಟು ತಯಾರಿಸುವ ಪುಟ್ಟ ಪವರ್‌ಹೌಸ್. ತೂಬಿನ ಚಕ್ರ ತಿರುಗಿಸುವವನು ನಾನು. ನೀರು ಬಿಡುವ ಮುನ್ನ ಹಳ್ಳದಗುಂಟ ನಡೆದು ಜನರನ್ನೂ ದನಗಳನ್ನೂ ಮೇಲಕ್ಕೆ ಹತ್ತಿಸುವವನು ನೀನು. ಸೈರನ್ ಸುಟ್ಟುಹೋಗಿ ಎಷ್ಟೋ ಕಾಲವಾಗಿತ್ತು, ರಿಪೇರಿಗೆ ಯಾರೂ ಬರಲಿಲ್ಲ. ಹಳ್ಳ ಖಾಲಿಯಾದ ಮೇಲೆ ನೀನು ತಿರುವಿನ ದಿಬ್ಬ ಹತ್ತಿ, ಹೆಗಲ ಮೇಲಿನ ಬಿಳಿ ಟವೆಲನ್ನು ಮೂರು ಸಲ ಬೀಸುತ್ತಿದ್ದೆ. ಅದನ್ನು ನೋಡಿ ನಾನು ಚಕ್ರಕ್ಕೆ ಕೈ ಹಾಕುತ್ತಿದ್ದೆ.

ಆ ದಿನ ನೀರು ಬಿಡು ಎಂದು ಪವರ್‌ಹೌಸಿನಿಂದ ಫೋನಿನ ಮೇಲೆ ಫೋನು. ನನಗೋ ಮೂಗಿನ ತುದಿಯಲ್ಲೇ ಕೋಪ. ದಿಬ್ಬದ ಕಡೆ ಬಿಳಿಯದೇನೋ ಅಲ್ಲಾಡಿತು — ಒಂದೇ ಸಲ. ಮೂರು ಸಲ ಆಗಲಿಲ್ಲವಲ್ಲ ಎಂದು ಮನಸ್ಸಿಗೆ ಬಂತು. ಬಂದರೂ, ನಾನು ಚಕ್ರ ತಿರುಗಿಸಿಬಿಟ್ಟೆ.

ತಿರುವಿನ ಕೆಳಗೆ ಕುರಿಗಾಹಿ ಕರಿಯಮ್ಮ, ಉಣ್ಣೆ ಕತ್ತರಿಸುವ ಮುನ್ನ ತನ್ನ ಕುರಿಗಳ ಮೈ ತೊಳೆಯುತ್ತಿದ್ದಳು. ನೀನು ಅವನ್ನು ದಡ ಹತ್ತಿಸುತ್ತಿರುವಾಗಲೇ ನೀರು ಬಂತು. ಎದೆಮಟ್ಟದ ನೀರಿಗಿಳಿದು ಅವಳನ್ನು ಎಳೆದು ತಂದವನು ನೀನು. ಅರ್ಧಕ್ಕರ್ಧ ಕುರಿಗಳು ಕೊಚ್ಚಿಹೋದವು. ಸನ್ನೆ ಕೊಡುವವನು ನೀನೇ ಅಲ್ಲವೆ ಎಂದು ಅವಳು ಒಂದು ಹಿಡಿ ಮಣ್ಣು ತೆಗೆದು ನಿನ್ನ ಮುಖಕ್ಕೇ ತೂರಿದಳು. ನನಗಲ್ಲ — ನಾನು ಮೇಲೆ, ಕಟ್ಟೆಯ ಮೇಲೆ ಸುರಕ್ಷಿತವಾಗಿದ್ದೆ.

ಸಂಜೆ ಒಬ್ಬನೇ ದಿಬ್ಬಕ್ಕೆ ಹೋದೆ. ಅಲ್ಲಿನ ಜಾಲಿಗಿಡದ ಮೇಲೆ ಕರಿಯಮ್ಮ ಒಗೆದು ಹರವಿದ್ದ ಗಂಡನ ಪಂಚೆ ಇನ್ನೂ ಗಾಳಿಗೆ ಆಡುತ್ತಿತ್ತು. ಆ ಗೋಳಿನಲ್ಲಿ ಅವಳಿಗೆ ಅದರ ನೆನಪೆಲ್ಲಿ? ನಾನು ಕಂಡಿದ್ದು ಅದನ್ನೇ. ಮುಳ್ಳಿನಿಂದ ಬಿಡಿಸಿ, ಮಡಚಿ, ಅಂಗಿಯೊಳಗಿಟ್ಟುಕೊಂಡು ಬಂದೆ. ಕೆಟ್ಟ ಕೆಲಸ ಮಾಡುವಾಗಲೂ ಅಷ್ಟು ನೀಟಾಗಿ ಮಡಚಿದೆನಲ್ಲ!

ಮರುದಿನ ಸಾಹೇಬರು ವಿಚಾರಣೆಗೆ ಬಂದರು. ನಾನು ಹೇಳಿದೆ: "ಟವೆಲ್ ಬೀಸಿದ್ದು ಕಣ್ಣಾರೆ ಕಂಡೀನಿ ಸಾರ್."

ನೀನು ನನ್ನನ್ನೇ ನೋಡಿದೆ. ಜಗಳವಾಡುತ್ತೀಯ ಎಂದುಕೊಂಡೆ — ಆಡಿದ್ದರೆ ಎಷ್ಟು ಚೆನ್ನಾಗಿತ್ತು. ನೀನು ಮೆಲ್ಲಗೆ ಅಂದೆ: "ತಿಪ್ಪೇಶ ಸುಳ್ಳು ಹೇಳಾನಲ್ಲ ಬಿಡ್ರಿ. ಕೆಳಗೆ ಯಾರವ್ರೆ ಅಂತ ನೋಡಕ್ಕೆ ದಿಬ್ಬ ಹತ್ತಿದಾಗ ಟವೆಲಲ್ಲಿ ಬೆವರು ಒರೆಸ್ಕಂಡೆ. ಅದನ್ನೇ ನೋಡಿರ್ತಾನೆ. ತಪ್ಪು ನಂದೇ ಐತೆ."

ನಿನ್ನನ್ನು ಕೆಲಸದಿಂದ ತೆಗೆದರು. ನೀನು ಮಗಳ ಊರು ಧರ್ಮಪುರಕ್ಕೆ ಹೋದೆ.

ನಾನು ಉಳಿದೆ. ಈಗ ಸೈರನ್ ಇದೆ, ಗೇಟು ಗುಂಡಿ ಒತ್ತಿದರೆ ಏಳುತ್ತದೆ. ಸಾಲು ಕ್ವಾಟ್ರಸ್ಸುಗಳೆಲ್ಲ ಖಾಲಿ. ನನ್ನ ಹೆಂಡತಿ ತೀರಿಹೋದ ಮೇಲೆ ಇಲ್ಲಿ ಒಲೆ ಹಚ್ಚುವವನು ನಾನೊಬ್ಬನೇ. ಎಷ್ಟೋ ದಿನ ಬಾಯಿಬಿಟ್ಟು ಒಂದು ಮಾತಾಡದೆ ಕಳೆದುಹೋಗುತ್ತದೆ. ಅಂಥ ಮಧ್ಯಾಹ್ನಗಳಲ್ಲಿ ಕಟ್ಟೆಯ ಮೇಲೆ ನಿಂತು ದಿಬ್ಬದ ಕಡೆ ನೋಡುತ್ತೇನೆ — ಅಲ್ಲಿ ಯಾರೂ ಇರುವುದಿಲ್ಲ.

ಹೋದ ಬೇಸಿಗೆಯಲ್ಲಿ ಹಿರಿಯೂರಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದೆಯಲ್ಲ. "ಏನಪ್ಪ, ಊಟ ಆಯ್ತೇನು? ಬಾ, ಕುಂತ್ಕ" ಎಂದು ಪಕ್ಕದಲ್ಲಿ ಜಾಗ ಮಾಡಿಕೊಟ್ಟೆ. ಆ ಬಿಸಿಲಿನಲ್ಲಿ ನಿನ್ನ ಮುಖವೆಲ್ಲ ಬೆವರು. ನೀನು ಅಂಗಿಯ ತೋಳಿನಿಂದ ಒರೆಸಿಕೊಂಡೆ. ಟವೆಲ್ ಎಲ್ಲಿ ಎಂದು ನಾನು ಕೇಳಿದೆ.

"ಆವತ್ತಿಂದ ಹೆಗಲಿಗೆ ಬಟ್ಟೆ ಹಾಕಲ್ಲ ಕಣಪ್ಪ," ಅಂದೆ ನೀನು.

ಆಗಲೂ ನಾನು ಹೇಳಲಿಲ್ಲ. ನಿನ್ನ ಬಸ್ಸು ಬಂತು, ಹೋಯಿತು.

ಪಂಚೆ ನನ್ನ ಟ್ರಂಕಿನ ತಳದಲ್ಲೇ ಇದೆ. ನಾಳೆ ಬೆಳಗಿನ ಬಸ್ಸಿಗೆ ಹೊರಟು, ಮೊದಲು ಕರಿಯಮ್ಮನ ಹಟ್ಟಿಗೆ ಹೋಗುತ್ತೇನೆ. ಅದು ಅವಳ ಮನೆಯ ಬಟ್ಟೆ, ನೋಡಿದರೆ ಗುರುತು ಹಿಡಿಯುತ್ತಾಳೆ. ಅವಳು ಬರುವುದಾದರೆ ಅವಳನ್ನೂ ಕರೆದುಕೊಂಡು ನಿನ್ನ ಬಾಗಿಲಿಗೆ ಬರುತ್ತೇನೆ. ಕ್ಷಮಿಸು ಎನ್ನುವುದಿಲ್ಲ, ಆ ಮಾತಿಗೆ ನನಗೆ ಮುಖವಿಲ್ಲ. ನೀನು ಆವತ್ತು ಬೆವರು ಒರೆಸಿಕೊಂಡೆ, ಅಷ್ಟೇ; ನಾನು ಕಂಡಿದ್ದು ಈ ಪಂಚೆಯನ್ನು. ಅದನ್ನು ಅವಳೆದುರು ಹೇಳಬೇಕು.