ಸಾಕಮ್ಮನ ಕೈಯಿಂದ ಹೋದ ಹಿಡಿಯಕ್ಕಿ

ಸಂತೆಬಾಚಹಳ್ಳಿಗೆ ನರ್ಸಾಗಿ ಬಂದ ಮೊದಲ ಭಾನುವಾರ, ಇಸ್ತ್ರಿ ಮಾಡಿದ ಸೀರೆಯುಟ್ಟು, ಕೈಯಲ್ಲಿ ಅಕ್ಕಿ ಡಬ್ಬಿ ಹಿಡಿದು ಹೊಸಿಲು ದಾಟಿದ ಮೇಲೆ ನನಗೆ ಹೊಳೆಯಿತು, ಹೋಗಲು ಇಲ್ಲಿ ಚರ್ಚೇ ಇಲ್ಲ. ಗಂಟೆ ಬಾರಿಸದ ಭಾನುವಾರವನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಮನೆಯೊಡತಿ ಸಾಕಮ್ಮ ತಲೆಯೆತ್ತಿದರು.

“ಎಲ್ಗವ್ವಾ ಒಂಟ್ರಿ, ಡಬ್ಬಿ ಎತ್ಕಂಡು? ಇವತ್ತು ರೇಸನ್ ಅಂಗ್ಡಿ ತಗ್ಯಾಕಿಲ್ಲ.”

ಒಳಗೆ ಬಂದು ಅತ್ತುಬಿಟ್ಟೆ.

ಉಡುಪಿ ಕಡೆಯ ನಮ್ಮವರಿಗೆ ಡಬ್ಬಿಯ ಕಥೆ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ನಮ್ಮ ಕ್ರೈಸ್ತ ಮನೆಗಳಲ್ಲಿ ಹೆಂಗಸರು ಅನ್ನಕ್ಕಿಡುವ ಮೊದಲು ಒಂದು ಹಿಡಿ ಅಕ್ಕಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಾರೆ. ಭಾನುವಾರ ಅದನ್ನು ಚರ್ಚಿನ ದೊಡ್ಡ ಬುಟ್ಟಿಗೆ ಸುರಿದರೆ ಬಡವರ ಮನೆಗೆ ಹೋಗುತ್ತದೆ. ಅದೇ ಹಿಡಿಯಕ್ಕಿ. “ದೇವರ ಹಿಡಿ ಸಣ್ಣ ಮಾಡಬೇಡ” ಎಂದು ಅಮ್ಮ ನನ್ನ ಕೈಗೆ ಎಷ್ಟು ಸಲ ಬಡಿದಿದ್ದಾಳೋ!

ಊರಿನಲ್ಲಿ ಸುರಿಯುವಾಗ ಸುತ್ತ ಹತ್ತು ಕಣ್ಣು. ಬುಟ್ಟಿಯ ಬಳಿ ಕೂರುವ ಸಲೋಮಿ ಬಾಯಿ ತಲೆಯಾಡಿಸಿದರೆ ಆ ವಾರವೆಲ್ಲ ನೆಮ್ಮದಿ. ಇಲ್ಲಿ ಡಬ್ಬಿ ತುಂಬಿತು, ಸುರಿಯಲು ಬುಟ್ಟಿಯಿಲ್ಲ. ನಮ್ಮ ಸಭೆಯ ಚರ್ಚೆಂದರೆ ಮೈಸೂರಿನದೇ. ಕೆ.ಆರ್.ಪೇಟೆಯಲ್ಲೊಮ್ಮೆ, ಪಾಂಡವಪುರದಲ್ಲೊಮ್ಮೆ ಬಸ್ಸು ಬದಲಿಸಬೇಕು, ಹೆರಿಗೆಗಳೋ ಭಾನುವಾರ ನೋಡಿಕೊಂಡು ಬರುವುದಿಲ್ಲ. ಅಕ್ಕಿಗೆ ಹುಳು ಬಿತ್ತು. ಒಂದು ತಿಂಗಳ ಕೊನೆಗೆ ಮನೆಯಲ್ಲಿ ಅಕ್ಕಿ ಮುಗಿದು, ಆ ಡಬ್ಬಿಯಿಂದಲೇ ತೆಗೆದು ಬೇಯಿಸಿದೆ. ಉಂಡೂಬಿಟ್ಟೆ. ಯಾರೂ ನೋಡದ ಕಡೆ ನನ್ನ ಭಕ್ತಿ ಇಷ್ಟೇ ಏನು ಎಂದು ನಿಜವಾಗಿಯೂ ಹೆದರಿದೆ.

ಎದುರುಮನೆಯ ಚಿಕ್ಕತಾಯಿ ಹೆತ್ತದ್ದು ಅದೇ ದಿನಗಳಲ್ಲಿ. ರಾಗಿ ಉಣ್ಣುವ ಈ ಸೀಮೆಯಲ್ಲೂ ಬಾಣಂತಿಗೆ ಅನ್ನ, ಮೆಣಸಿನ ಸಾರು ಇಕ್ಕುತ್ತಾರೆ. ಆ ಮನೆಯಲ್ಲಿ ಅಕ್ಕಿಯ ಕಾಳಿರಲಿಲ್ಲ. ಹುಳು ಆರಿಸಿ, ಡಬ್ಬಿ ಹಿಡಿದು ಹೊರಟವಳನ್ನು ಸಾಕಮ್ಮ ಹೊಸಿಲೊಳಗೇ ತಡೆದರು. ದೇವರಿಗೆಂದು ಎತ್ತಿಟ್ಟದ್ದು, ಬಡವರಿಗೇ ಸೇರಬೇಕು ಎಂದೆ.

“ಮೀಸ್ಲು ಅನ್ನಿ. ನಾವೂ ಮೇಲ್ಕೋಟೆ ದೇವ್ರಿಗೆ ಎತ್ತಿಡ್ತೀವಿ. ಆದ್ರೆ ನೀವು ಕೊಡ್ಬ್ಯಾಡಿ ಕಣವ್ವ. ಅಕ್ಕಿ ಕೊಟ್ಟು ತನ್ ಜಾತಿಗೆ ಸೇರುಸ್ಕತಾವ್ಳೆ ಅಂತ ಊರೇ ಆಡ್ಕತದೆ. ಆಮ್ಯಾಕೆ ಸೂಜಿ ಆಕ್ಸಾಕೆ ಯಾರೂ ಮಗೀನ ತರಾಕಿಲ್ಲ.”

ನಾಲ್ಕು ತಿಂಗಳು ಮನೆಮನೆ ಅಲೆದ ಮೇಲೆ ಈಗಷ್ಟೇ ತಾಯಂದಿರು ಮಕ್ಕಳನ್ನು ನನ್ನ ಹತ್ತಿರ ತರತೊಡಗಿದ್ದರು. ಕೊಟ್ಟರೆ ಆ ಮಕ್ಕಳ ಸೂಜಿ ತಪ್ಪುತ್ತದೆ, ಕೊಡದಿದ್ದರೆ ಹಸಿ ಬಾಣಂತಿಯ ಹೊಟ್ಟೆ.

“ಇಲ್ ತನ್ನಿ. ನನ್ ಕೈಯಾಗೆ ಓಗ್ಲಿ. ನಂದೇ ಅಂತ ಯೋಳ್ತೀನಿ.”

ಸಾಕಮ್ಮನ ಸೆರಗಿಗೆ ಸುರಿದೆ. ಅಂದಿನಿಂದ ಶನಿವಾರ ಸಂಜೆ ಅದೇ ಪದ್ಧತಿಯಾಯಿತು.

ಒಂದೂವರೆ ತಿಂಗಳಾದ ಮೇಲೆ ಚಿಕ್ಕತಾಯಿ ಮಗುವನ್ನು ಸೂಜಿಗೆ ತಂದಳು.

“ಸಾಕಕ್ಕ ಇಲ್ದೇ ಓಗಿದ್ರೆ ಮಗೀಗೆ ಆಲೇ ಬತ್ತಿರ್ನಿಲ್ಲ, ನರ್ಸಮ್ಮ. ಅಂತಾ ದೊಡ್ ಮನ್ಸು ಯಾರ್ಗೈತೆ?”

ನನಗೆ ಸಂತೋಷವಾಗಬೇಕಿತ್ತು. ಹೊಟ್ಟೆಕಿಚ್ಚಾಯಿತು. ಅದು ನನ್ನದು ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು, ನುಂಗಿಕೊಂಡು ಸಿರಿಂಜು ಎತ್ತಿದೆ. ಕೊಟ್ಟದ್ದನ್ನು ಗುಟ್ಟಾಗಿಡಬೇಕು ಎಂಬ ಪಾಠವನ್ನು ಸಂಡೇ ಸ್ಕೂಲಿನಲ್ಲಿ ಎಲ್ಲರೆದುರು ನಿಂತು ಒಪ್ಪಿಸಿ ಬಹುಮಾನ ಗಿಟ್ಟಿಸಿದವಳು ನಾನು! ಆ ಮಗುವಿನ ಮುಖ ನೋಡಲು ನಾಚಿಕೆಯಾಯಿತು.

ಕ್ರಿಸ್ಮಸ್ಸಿಗೆ ಊರಿಗೆ ಹೋದೆ. ಚರ್ಚಿನಲ್ಲಿ ಬುಟ್ಟಿಯ ಮೇಲೆ ಡಬ್ಬಿ ಬೋರಲು ಹಾಕಿದರೆ ಬಿದ್ದದ್ದು ಹೊರಡುವ ಮುಂಚಿನ ಎರಡು ದಿನಗಳ ಎರಡೇ ಹಿಡಿ. ಸಲೋಮಿ ಬಾಯಿ ಡಬ್ಬಿಯೊಳಗೆ ಇಣುಕಿದರು.

“ಎಂಥದು ಮಾರಾಯ್ತಿ, ಘಟ್ಟ ಹತ್ತಿದ್ದೇ ದೇವರನ್ನು ಮರೆತದ್ದಾ?”

ಹಿಂದೆ ನಿಂತಿದ್ದ ಅಮ್ಮ ತಲೆ ತಗ್ಗಿಸಿದಳು. ಒಂದು ಮಾತು ಹೇಳಿದ್ದರೆ ಸಾಕಿತ್ತು, ಸಭೆಯೇ ನನ್ನನ್ನು ಹೊಗಳುತ್ತಿತ್ತು. ಹೇಳಲಿಲ್ಲ. ಹೇಳದೆ ಇದ್ದೆನಲ್ಲ ಎಂದು ಒಳಗೊಳಗೇ ಸ್ವಲ್ಪ ಜಂಬ ಬಂತು. ಅದಕ್ಕೂ ಹೆದರಿದೆ.

ಈಗ ಮತ್ತೆ ಸಂತೆಬಾಚಹಳ್ಳಿ. ಇಲ್ಲಿ ನಾನು ಯಾವ ದೇವರಿಗೆ ಏನು ಕೊಡುತ್ತೇನೆಂದು ಸಾಕಮ್ಮನಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ನನ್ನ ಚರ್ಚಿನಲ್ಲೋ ನಾನು ಹಿಡಿ ಮರೆತ ಹುಡುಗಿ. ಮೊನ್ನೆ ಕೆ.ಆರ್.ಪೇಟೆಯ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದಾಗ ಅಮ್ಮ ಊಟ, ಆರೋಗ್ಯ ಏನೂ ಕೇಳಲಿಲ್ಲ.

“ಹಿಡಿ ತೆಗೆಯುತ್ತಿದ್ದೀಯಲ್ಲ?”

“ತೆಗೆಯುತ್ತಿದ್ದೇನಮ್ಮ.”

ಅಷ್ಟಕ್ಕೇ ಅಮ್ಮ ಫೋನು ಇಟ್ಟುಬಿಟ್ಟಳು. ನಂಬಲಿಲ್ಲವೆಂದು ಗೊತ್ತಾಯಿತು.

ಅದಕ್ಕೇ ನಮ್ಮ ಸಭೆಯ ಪತ್ರಿಕೆಗೆ ಇಷ್ಟು ಬರೆದೆ, ಅಮ್ಮ ಓದಲಿ ಎಂದು. ಸಲೋಮಿ ಬಾಯಿಯೂ ಓದಲಿ ಎಂಬ ಆಸೆ ಅದರ ಹಿಂದೆಯೇ ಕೂತಿದೆ. ಅದನ್ನು ಏನು ಮಾಡಬೇಕೋ ನನಗೆ ತಿಳಿಯುತ್ತಿಲ್ಲ.