ಅರ್ಥವಾಗುವ ತನಕ ಇಂಪು

ಲಖನೌದಲ್ಲಿ ನಮಗೆ ಮೊದಲು ಮನೆ ನಿರಾಕರಿಸಿದ ಹೆಂಗಸು ಒಮ್ಮೆಯೂ ಇಲ್ಲ ಎನ್ನಲಿಲ್ಲ. ನಮ್ಮನ್ನು ಒಳಗೆ ಕರೆದು ಕೂರಿಸಿದಳು. ನೀರು ಕೊಟ್ಟಳು, ತಟ್ಟೆಯಲ್ಲಿ ಎರಡು ಪೇಡಾ ತಂದಿಟ್ಟಳು. ಎದೆಯ ಮೇಲೆ ಕೈಯಿಟ್ಟುಕೊಂಡು, ತಲೆ ಸ್ವಲ್ಪ ಓರೆ ಮಾಡಿ, ಬಹಳ ಹೊತ್ತು ಮಾತಾಡಿದಳು. ನನಗೆ ಏನೂ ತಿಳಿಯಲಿಲ್ಲ. ಆದರೆ ಮನುಷ್ಯರು ಅಷ್ಟು ಮೆತ್ತಗೆ ಮಾತಾಡುವುದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಮೆಟ್ಟಿಲು ಇಳಿಯುವಾಗ ನಮ್ಮ ಮನೆಯವರನ್ನು ಕೇಳಿದೆ: “ಯಾವತ್ತು ಬರ್ಬೇಕಂತೆ?”

“ಕೊಡಲ್ವಂತೆ.”

“ಅಷ್ಟೊತ್ತು ಹೇಳಿದ್ದು ಅದನ್ನೇನಾ?”

“ಹೂಂ. ಮದ್ರಾಸಿಗಳಿಗೆ ಕೊಡಲ್ಲಂತೆ. ಹೇಳೋದು ಮಾತ್ರ ಹಂಗೆ.”

ತಿರುಗಿ ನೋಡಿದೆ. ಆಕೆ ಇನ್ನೂ ಬಾಗಿಲಲ್ಲೇ ನಿಂತು ನಗುತ್ತಿದ್ದಳು. ನಾನೂ ನಕ್ಕೆ. ಬಾಯಲ್ಲಿ ಅವಳು ಕೊಟ್ಟ ಪೇಡಾ ಇನ್ನೂ ಕರಗಿರಲಿಲ್ಲ.

ನಾನು ಚಳ್ಳಕೆರೆ ಹತ್ತಿರದ ನನ್ನಿವಾಳದವಳು. ನಮ್ಮ ಕಡೆ ಕೊಡುವುದಿಲ್ಲ ಎಂದರೆ “ಇಲ್ಲ, ಹೋಗಮ್ಮ” ಎನ್ನುತ್ತಾರೆ. ಅದು ರಸ್ತೆಯ ಆಚೆಗೂ ಕೇಳಿಸುತ್ತದೆ. ಮದುವೆಯಾಗಿ ಮೊಳಕಾಲ್ಮೂರಿಗೆ ಹೋದಾಗ ಆ ಮನೆಯಲ್ಲಿ ಅರ್ಧ ಮಾತು ತೆಲುಗು. ಅತ್ತೆ ಮಗ್ಗದ ಗುಂಡಿಯ ಪಕ್ಕ ನಿಂತು ತೆಲುಗಿನಲ್ಲಿ ಬೈದರೆ, ಪದ ಗೊತ್ತಿಲ್ಲದಿದ್ದರೂ ಬೈಗುಳ ಎಂಬುದು ಗೊತ್ತಾಗುತ್ತಿತ್ತು. ಸಿಟ್ಟಿಗೆ ಸಿಟ್ಟಿನ ದನಿಯೇ ಇತ್ತು. ಪರಭಾಷೆ ಕಲಿಯುವುದೆಂದರೆ ಇಷ್ಟೇ ಎಂದುಕೊಂಡಿದ್ದೆ.

ತೊಂಬತ್ತರ ದಶಕದ ನಡುವಿನ ಮಾತು ಇದು. ನಮ್ಮ ಮನೆಯವರು ಊರಿನ ಸೀರೆ ಹೊತ್ತು ಉತ್ತರದ ಕಡೆ ತಿರುಗಿ ಹಿಂದಿ ಕಲಿತವರು. ಲಖನೌದ ಒಂದು ದೊಡ್ಡ ಸೀರೆ ಅಂಗಡಿಯಲ್ಲಿ, ದಕ್ಷಿಣದ ರೇಷ್ಮೆ ಬಿಡಿಸಿ ತೋರಿಸುವ ಕೆಲಸ ಸಿಕ್ಕಿತ್ತು. ಹದಿನೈದು ದಿನ ಅಲೆದ ಮೇಲೆ ಒಂದು ಮಹಡಿಯ ಕೋಣೆ ಸಿಕ್ಕಿತು. ಕೆಳಗೆ ಮನೆಯೊಡತಿ ಇದ್ದರು, ಗಂಡನಿಲ್ಲದ ಅರವತ್ತರ ಹೆಂಗಸು. ಚಾಚೀಜಿ ಎನ್ನು ಎಂದು ಅವರೇ ಹೇಳಿಕೊಟ್ಟರು. ಚಾಚಿ ಎಂದರೆ ನಮ್ಮ ಚಿಕ್ಕಮ್ಮ.

ಆ ಊರಿನಲ್ಲಿ ನನಗೆ ಹಿಡಿಸಿದ್ದು ಬಹಳ ಇರಲಿಲ್ಲ. ಚಳ್ಳಕೆರೆಯ ಗಾಳಿಯಲ್ಲಿ ಶೇಂಗಾ ಎಣ್ಣೆಯ ವಾಸನೆ ಇರುತ್ತದೆ, ಅಲ್ಲಿನ ಗಾಳಿಯಲ್ಲಿ ಸಾಸಿವೆ ಎಣ್ಣೆ. ಮೊದಲ ತಿಂಗಳು ಉಂಡದ್ದು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ರಾಗಿಹಿಟ್ಟು ಊರಿಂದ ತಂದದ್ದು ಮುಗಿಯಿತು. ಚಳಿಗಾಲದಲ್ಲಿ ಬಟ್ಟೆ ಮೂರು ದಿನವಾದರೂ ಒಣಗುತ್ತಿರಲಿಲ್ಲ. ಬಿಸಿಲಿಗಾಗಿ ಅತ್ತವರು ನಮ್ಮ ಸೀಮೆಯಲ್ಲಿ ಯಾರೂ ಇರಲಾರರು, ನಾನು ಅತ್ತಿದ್ದೇನೆ. ಹಿಡಿಸಿದ್ದು ಒಂದೇ, ಅಲ್ಲಿನ ಮಾತು. ಹಾಲಿನವನೂ ಎಳೆಮಗುವಿಗೆ ‘ಆಪ್’ ಎನ್ನುತ್ತಿದ್ದ; ಎಂದರೆ ‘ತಾವು’. ಪಾರ್ವತಿ ಎಂಬ ನನ್ನ ಹೆಸರು ಅಷ್ಟು ಚೆಂದ ಎಂದು ತಿಳಿದದ್ದೇ ಬೆಳಿಗ್ಗೆ ಚಾಚೀಜಿ ಕೆಳಗಿನಿಂದ ಕರೆದಾಗ. ಅರ್ಥವಾಗದಿದ್ದರೂ ಕೇಳುತ್ತ ಕೂರುತ್ತಿದ್ದೆ.

ನಮ್ಮ ಭಾಷೆಯ ಬಗ್ಗೆ ಅವರ ಅಭಿಪ್ರಾಯ ಬೇರೆ ಇತ್ತು. ನಾವಿಬ್ಬರೂ ಮಹಡಿಯಲ್ಲಿ ಸಕ್ಕರೆ ಮುಗಿದದ್ದನ್ನು ಮಾತಾಡಿಕೊಂಡು ಇಳಿದರೆ ಚಾಚೀಜಿ ಕೇಳುತ್ತಿದ್ದರು, “ಜಗಳ ಮುಗಿಯಿತೇ?” ನಮ್ಮ ಮನೆಯವರು ಅದನ್ನು ನನಗೆ ಹೇಳಿದಾಗ ಇಬ್ಬರೂ ನಕ್ಕಿದ್ದೆವು. ಆದರೆ ಕನ್ನಡದ ಬರಹ ಅವರಿಗೆ ಮೆಚ್ಚುಗೆ. ಒಮ್ಮೆ ಊರಿನಿಂದ ಅಣ್ಣನ ಕಾಗದ ಬಂತು. ನಮ್ಮ ಅಜ್ಜ ತೀರಿಕೊಂಡಿದ್ದ, ಮಣ್ಣಾಗಿ ಎಂಟು ದಿನವಾಗಿತ್ತು. ನಾನು ಮೆಟ್ಟಿಲ ಮೇಲೆ ಕುಸಿದು ಕೂತಿದ್ದೆ. ನನ್ನ ಕೈಯಿಂದ ಜಾರಿದ ಕಾಗದವನ್ನು ಚಾಚೀಜಿ ಎತ್ತಿಕೊಂಡರು, ಬೆಳಕಿಗೆ ಹಿಡಿದರು, ಬೆರಳಿನಿಂದ ಸಾಲು ಸವರಿದರು. ಒಂದೊಂದು ಅಕ್ಷರವೂ ಬಳೆ ತೊಟ್ಟ ಹಾಗಿದೆ ಎಂದರಂತೆ. ಆಮೇಲೆ ನನ್ನ ಮುಖ ನೋಡಿ, ಕಾಗದ ಮಡಿಚಿ, ಪಕ್ಕದಲ್ಲಿ ಕೂತು ಬೆನ್ನು ಸವರಿದರು. ಆ ಕೈ ಸುಳ್ಳಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು.

ಮರುವರ್ಷ ಮಗಳು ಹುಟ್ಟಿದಳು. ಶಾರದಾ. ನನ್ನ ಬಣ್ಣ, ನಮ್ಮ ಅವ್ವನ ಬಣ್ಣ. ಚಾಚೀಜಿ ದಿನಾ ಮಧ್ಯಾಹ್ನ ಮಹಡಿಗೆ ಬಂದು ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ತಟ್ಟುತ್ತಿದ್ದರು. ಅವರೇ ಕಟ್ಟಿದ ಎರಡು ಸಾಲು ಹಾಡುತ್ತಿದ್ದರು:

“ಕಾಲೀ ಚಿಡಿಯಾ, ಕೌನ್ ಲೇ ಜಾಯೇ,
ಕೋಯಲೇ ವಾಲಾ ಭೀ ಲೌಟಾಯೇ.”

ದನಿ ಏರಿ, ಕೊನೆಯಲ್ಲಿ ಇಳಿದು, ಮಗುವಿನ ಗಲ್ಲದ ಹತ್ತಿರ ಬಂದು ನಿಲ್ಲುತ್ತಿತ್ತು. ಮಗು ಕೇಕೆ ಹಾಕುತ್ತಿತ್ತು. ನಾನು ನಗುತ್ತಿದ್ದೆ. ಇಡೀ ದಿನದಲ್ಲಿ ಮೂರನೆಯ ಮನುಷ್ಯರ ದನಿ ಎಂದರೆ ಅದೊಂದೇ. ಅವರು ಹೋದ ಮೇಲೆ ನಾನೂ ಅದನ್ನೇ ಹಾಡಿ ಮಲಗಿಸುತ್ತಿದ್ದೆ.

ಮಗುವಿಗೆ ಏಳು ತಿಂಗಳಾದಾಗ ವಿಪರೀತ ಜ್ವರ ಬಂತು. ನಮ್ಮ ಮನೆಯವರು ಬನಾರಸ್ಸಿಗೆ ಹೋಗಿದ್ದರು. ಆಸ್ಪತ್ರೆಗೆ ರಿಕ್ಷಾ ಹಿಡಿದವರು ಚಾಚೀಜಿ, ಡಾಕ್ಟರ ಹತ್ತಿರ ಮಾತಾಡಿದವರು ಚಾಚೀಜಿ. ದಾರಿಯುದ್ದಕ್ಕೂ ಮಗುವಿನ ಹಣೆಗೆ ಒದ್ದೆ ಬಟ್ಟೆ ಒತ್ತುತ್ತ, ಅದೇ ಎರಡು ಸಾಲನ್ನು ಗುನುಗುತ್ತಿದ್ದರು. ಅವರ ಕಣ್ಣಿನಿಂದ ನೀರು ಸುರಿಯುತ್ತಿತ್ತು.

ಹಿಂದಿ ನನಗೆ ಪುಸ್ತಕದಿಂದ ಬಂದದ್ದಲ್ಲ, ಒಂದೊಂದೇ ಪದವಾಗಿ ಬಂದದ್ದು. ‘ಕಾಲಾ’ ಎಂದರೆ ಕಪ್ಪು ಎಂಬುದು ಚಳ್ಳಕೆರೆ ಸಂತೆಯಲ್ಲೇ ಗೊತ್ತಿತ್ತು. ಅದು ನನ್ನನ್ನು ಚುಚ್ಚಿರಲಿಲ್ಲ. ನಮ್ಮ ಅವ್ವನ ಹೆಸರೇ ಕರಿಯಮ್ಮ, ನಮ್ಮ ಕಡೆ ಅದು ದೇವರ ಹೆಸರು. ‘ಚಿಡಿಯಾ’ ಹಕ್ಕಿ ಎಂದು ಮೊದಲ ವಾರವೇ ತಿಳಿದಿತ್ತು. ‘ಲೇ ಜಾವೋ’, ತೆಗೆದುಕೊಂಡು ಹೋಗಿ, ತರಕಾರಿಯವನು ಕೊಟ್ಟ ಪದ. ‘ಕೌನ್’ ಎಂದರೆ ಯಾರು. ಬಾಗಿಲು ತಟ್ಟಿದವರನ್ನು ಕೇಳಿ ಕೇಳಿ ಕಲಿತೆ. ಎರಡನೆಯ ಚಳಿಗಾಲದಲ್ಲಿ ಇದ್ದಿಲ ಒಲೆ ಕೊಂಡೆವು. ‘ಕೋಯಲೇ ವಾಲಾ’ ಎಂದು ಕೂಗುತ್ತ ಗಾಡಿಯವನು ಬಂದ. ಹಾಡಿನಲ್ಲಿದ್ದವನು ಇವನೇ ಎಂದು ಮಗುವಿಗೆ ಬೆರಳು ಮಾಡಿ ತೋರಿಸಿದ್ದೆ. ಉಳಿದದ್ದು ಒಂದೇ ಪದ.

ಅದನ್ನು ತಂದುಕೊಟ್ಟವರು ನಮ್ಮ ಮನೆಯವರೇ. ಒಂದು ಭಾನುವಾರ ಉಣ್ಣುತ್ತ ಹೇಳಿದರು, “ನಮ್ಮೂರ ಸೀರೆನ ಗಿರಾಕಿ ಲೌಟಾ ದಿಯಾ.”

“ಹಂಗಂದ್ರೆ?”

“ವಾಪಸ್ ಕೊಟ್ಟೋದ್ರು. ಬಣ್ಣ ಗಾಢ ಆತಂತೆ.”

ನಾನು ಬಡಿಸುವುದನ್ನು ನಿಲ್ಲಿಸಿದೆ. ಎರಡು ಸಾಲೂ ತಾವಾಗಿ ಬಂದು ಸೇರಿಕೊಂಡವು. ಕರೀ ಹಕ್ಕಿ, ನಿನ್ನ ಯಾರು ಒಯ್ದಾರು? ಇದ್ದಿಲು ಮಾರುವವನೂ ವಾಪಸು ತಂದುಕೊಟ್ಟಾನು.

“ಚಾಚೀಜಿ ಹಾಡೋ ಹಾಡು ನಿಮಗೆ ತಿಳೀತಿತ್ತಾ?” ಎಂದೆ.

ಅವರು ತಟ್ಟೆ ನೋಡುತ್ತ, “ತಿಳೀತಿತ್ತು,” ಎಂದರು.

“ಯಾವಾಗಿಂದ?”

“ಮೊದ್ಲಿಂದ.”

“ಹಂಗಾದ್ರೆ ನಂಗ್ಯಾಕ್ರೀ ಹೇಳ್ಲಿಲ್ಲ? ನನ್ನ ಮಗಳಿಗೆ ನಾನೇ ಅದನ್ನ ಹಾಡ್ತಿದ್ದೆ. ನೀವು ಕೇಳ್ಕಂಡು ಕೂತಿದ್ರಿ.”

“ಹೇಳಿ ಎಲ್ಲಿಗೋಗ್ತಿದ್ವಿ ಪಾರ್ವತಿ? ಎಷ್ಟು ಮೆಟ್ಲು ಹತ್ತಿ ಇಳಿದ್ವಿ, ನೆನಪೈತಾ?” ತಟ್ಟೆ ಪಕ್ಕಕ್ಕೆ ಸರಿಸಿ ಹೇಳಿದರು, “ನೀನು ನಗ್ತಿದ್ದೆ. ಈ ಊರಾಗೆ ನೀನು ನಗಾದು ಅಷ್ಟೊತ್ತು ಮಾತ್ರ. ಅದನ್ನೂ ಕಿತ್ಕಳನಾ?”

ಆ ದಿನ ನಾನು ಉಣ್ಣಲಿಲ್ಲ.

ಮರುದಿನದಿಂದ ಒಂದು ಮಾತನ್ನು ಮನಸ್ಸಿನಲ್ಲೇ ಜೋಡಿಸತೊಡಗಿದೆ. ತಪ್ಪಾಗಬಾರದು, ಒರಟಾಗಬಾರದು, ಆದರೆ ತಾಗಬೇಕು. ಪಾತ್ರೆ ತೊಳೆಯುತ್ತ ಅದನ್ನೇ ಹೇಳಿಕೊಂಡೆ. ವಾರದ ಕೊನೆಗೆ, ಚಾಚೀಜಿ ಮಗುವನ್ನು ತಟ್ಟುತ್ತ ಎರಡನೆಯ ಸಾಲು ಮುಗಿಸಿದ ಕೂಡಲೇ, ಅವರ ಮುಖ ನೋಡುತ್ತ ಹೇಳಿದೆ:

“ಲೌಟಾಯೇ ತೋ ಹಮ್ ರಖ್ ಲೇಂಗೇ, ಚಾಚೀಜಿ.” ವಾಪಸು ತಂದರೆ ನಾವೇ ಇಟ್ಟುಕೊಳ್ಳುತ್ತೇವೆ.

ಅವರು ತಟ್ಟುವುದನ್ನು ನಿಲ್ಲಿಸಿದರು. ಅವರ ಮುಖ ಅರಳಿತು. ಎರಡೂ ಕೈಯಿಂದ ನನ್ನ ಗಲ್ಲ ಹಿಡಿದರು.

“ವಾಹ್! ಕಿತನೀ ಮೀಠೀ ಬೋಲೀ ಹೋ ಗಯೀ ತುಮ್ಹಾರೀ!” ನಿನ್ನ ಮಾತು ಎಷ್ಟು ಸಿಹಿಯಾಯಿತು!

ಸಂಜೆ ಬೀದಿಯ ಹೆಂಗಸರನ್ನೆಲ್ಲ ಕರೆದು ನನ್ನಿಂದ ಆ ಮಾತನ್ನು ಮತ್ತೆ ಹೇಳಿಸಿದರು. ಎಲ್ಲರೂ ಉಚ್ಚಾರವನ್ನು ಹೊಗಳಿದರು. ಮದ್ರಾಸಿ ಎಂದು ಗೊತ್ತೇ ಆಗುವುದಿಲ್ಲ ಎಂದರು ಒಬ್ಬರು. ಆ ಊರಿನಲ್ಲಿ ನನ್ನ ಹಿಂದಿಗೆ ಸಿಕ್ಕ ಮೊದಲ ಗೆಲುವು ಅದು. ಮಧ್ಯಾಹ್ನದ ಹಾಡು ನಿಲ್ಲಲಿಲ್ಲ. ಮಗುವನ್ನು ಕೊಡದೆ ಇರಲು ನನಗೂ ಆಗಲಿಲ್ಲ. ಬೇರೆ ಯಾರ ಕೈಗೆ ಕೊಡಲಿ? ಅದನ್ನು ಎತ್ತಿಕೊಳ್ಳುತ್ತಿದ್ದವರು ಅವರೊಬ್ಬರೇ.

ಈಗಲೂ ಊರಿಗೆ ಬಂದಾಗ ಯಾರಾದರೂ ಕೇಳುತ್ತಾರೆ, ಯಾವ ಭಾಷೆ ಬಹಳ ಚೆಂದ ಎಂದು. ನನಗೆ ಗೊತ್ತಿರುವುದು ಇಷ್ಟು: ಅರ್ಥ ತಿಳಿಯದ ಎರಡು ವರ್ಷ ನಾನು ಕೇಳಿದ ಭಾಷೆಯಷ್ಟು ಚೆಂದದ್ದನ್ನು ಮತ್ತೆ ಕೇಳಿಲ್ಲ. ಚಾಚೀಜಿ ಅದೇ ದನಿಯಲ್ಲಿ ಈಗಲೂ ಮಾತಾಡುತ್ತಾರೆ. ನನಗೆ ಮಾತು ಕೇಳುತ್ತದೆ, ದನಿ ಕೇಳುವುದಿಲ್ಲ.

ಶಾರದಾಗೆ ಐದು ವರ್ಷವಾದಾಗ ನನ್ನಿವಾಳಕ್ಕೆ ಕರೆದುಕೊಂಡು ಬಂದೆ. ಅವಳ ಬಾಯಲ್ಲಿ ಮೊದಲು ಬರುವುದು ಹಿಂದಿ. ಅಣ್ಣ ಅತ್ತಿಗೆ ದಿನದ ಕೆಲಸ ಮಾತಾಡುತ್ತಿದ್ದರೆ ನನ್ನ ಸೆರಗು ಹಿಡಿದು, “ಯಾಕೆ ಜಗಳ ಆಡ್ತಾರೆ?” ಎಂದು ಕೇಳಿದಳು. ಒಂದು ದಿನ ಹಟ್ಟಿಯಲ್ಲಿ ಕುರಿಮರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ತಟ್ಟುತ್ತ, ಆ ಎರಡು ಸಾಲು ಹಾಡತೊಡಗಿದಳು. ದನಿ ಏರಿ ಇಳಿದದ್ದೂ ಚಾಚೀಜಿಯ ಹಾಗೆಯೇ.

ಶೇಂಗಾ ಸುಲಿಯುತ್ತಿದ್ದ ಅವ್ವ ಕೈ ನಿಲ್ಲಿಸಿದಳು. “ಅಯ್ಯ, ಎಂಥಾ ಇಂಪೈತವ್ವ! ನಮ್ಮದೂ ಒಂದು ಮಾತಾ, ಕಾಗೆ ಓಡ್ಸಾಕೆ ಸೈ. ಏನಂತ ಪುಟ್ಟಿ ಅದ್ರ ಅರ್ಥ?”

ಶಾರದಾ ಅಜ್ಜಿಯ ಮುಖ ನೋಡಿದಳು, ಅಜ್ಜಿಯ ಕೈ ನೋಡಿದಳು, ಆಮೇಲೆ ನನ್ನ ಕಡೆ ನೋಡಿದಳು. “ಏನಿಲ್ಲಜ್ಜಿ, ಸುಮ್ನೆ,” ಎಂದಳು, ಬಹಳ ಮೆತ್ತಗೆ.

ಅವಳಿಗೆ ಅರ್ಥ ಯಾವಾಗ ತಿಳಿಯಿತೆಂದು ನಾನು ಕೇಳಲಿಲ್ಲ. ಅವ್ವನಿಗೆ ನಾನೂ ಹೇಳಲಿಲ್ಲ. ಅವ್ವ ನಗುತ್ತಿದ್ದಳು.

ನಾವು ಹೊರಡುವ ಹೊತ್ತಿಗೆ ಅವ್ವ ಹಾಡು ಕಲಿತಿದ್ದಳು. ಚಳ್ಳಕೆರೆ ಬಸ್‌ ಸ್ಟ್ಯಾಂಡಿನಲ್ಲಿ ಕಿಟಕಿಯ ಕೆಳಗೆ ನಿಂತು, ಕತ್ತೆತ್ತಿ, ಜನ ನೋಡುತ್ತಿದ್ದರೂ ಬಿಡದೆ ಹಾಡಿದಳು: “ಕಾಳಿ ಚಿಡಿಯಾ, ಕೌನು ಲೇ ಜಾಯೆ…” ಬಸ್ಸು ಅಲುಗಿತು. ಮಗಳು ಕಿಟಕಿಯಿಂದ ಕೈ ಚಾಚಿ ಅವಳ ಬೆರಳು ಹಿಡಿದುಕೊಂಡಳು.

“ಕೌನು ಅಲ್ಲ ಅಜ್ಜಿ,” ಎಂದಳು, “ಕೌನ್.”

ಅವ್ವ ಬಸ್ಸಿನ ಜೊತೆ ನಾಲ್ಕು ಹೆಜ್ಜೆ ನಡೆದು, ತಿದ್ದಿಕೊಂಡು ಹೇಳಿದಳು.