ಬ್ಯಾಗ್ ಕಾಯುವವರಿಲ್ಲದ ಗುಡ್ಡ

ಹೂಸ್ಟನ್, ಆಸ್ಟಿನ್, ಡಾಲಸ್‌ನ ಕನ್ನಡದ ಮಂದಿ ಎಲ್ಲಿಗೇ ಪಿಕ್ನಿಕ್ ಹೋಗಲಿ, ಒಂದು ಪದ್ಧತಿ ತಪ್ಪುವುದಿಲ್ಲ. ಎಲ್ಲರೂ ಬೆಟ್ಟ ಹತ್ತುವಾಗ ಯಾರಾದರೊಬ್ಬರು ಕೆಳಗೆ ಕೂತು ಬ್ಯಾಗ್ ಕಾಯಬೇಕು. ಪುಳಿಯೋಗರೆ ಡಬ್ಬಿ, ಮೊಸರನ್ನದ ಕೂಲರ್, ಮಕ್ಕಳ ಜಾಕೆಟ್ಟು, ಕಾರಿನ ಕೀ, ಎಲ್ಲವೂ ಒಬ್ಬರ ಸುಪರ್ದಿಗೆ. ಆ ಒಬ್ಬರು ಯಾರು ಎಂದು ಚೀಟಿ ಎತ್ತುವ ಪ್ರಮೇಯವೇ ಬರಲಿಲ್ಲ. ಡಾಕ್ಟರ್ ಚಂದ್ರಪ್ರಭಾ ಇದ್ದರಲ್ಲ!

ಆಸ್ಟಿನ್ ಆಚೆಯ ಎನ್‌ಚಾಂಟೆಡ್ ರಾಕ್ ಎಂಬ ಗುಲಾಬಿ ಬಣ್ಣದ ಬೋಳು ಬಂಡೆಗೆ ಮೂರೂ ಊರಿನವರು ಸೇರಿ ಹೋಗುವುದುಂಟು. ಅದರ ಬುಡವನ್ನು ಚಂದ್ರಪ್ರಭಾ ಎಷ್ಟು ಸಲ ನೋಡಿದ್ದರೆಂದರೆ ಅಲ್ಲಿನ ಓಕ್ ಮರಗಳಿಗೂ ಅವರ ಗುರುತು ಸಿಕ್ಕಿರಬೇಕು. ನೆತ್ತಿಯನ್ನು ಮಾತ್ರ ನೋಡಿದ್ದು ಬೇರೆಯವರ ಫೋನಿನಲ್ಲಿ. ಹಾಗೆಂದು ಆಕೆ ಮೂಲೆಯಲ್ಲಿ ಕೂರುವ ಹೆಂಗಸೇ? ಹೂಸ್ಟನ್ನಿನ ದೊಡ್ಡ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರಾಗಿ ಕೂದಲು ನರೆಯುವ ತನಕ ದುಡಿದವರು. ಚಾಕು ಹಿಡಿದ ಸರ್ಜನ್ನುಗಳಿಗೇ "ನಿಲ್ಲಿಸಿ" ಎಂದು ಗದರಿದವರು. ಅಂಥವರು ಪಾರ್ಕಿಂಗ್ ಲಾಟಿನ ಬೆಂಚಿನಲ್ಲಿ ಪುಳಿಯೋಗರೆಗೆ ನೊಣ ಕೂರದಂತೆ ನೋಡಿಕೊಂಡು ಕೂರುತ್ತಿದ್ದರು.

ಇದಕ್ಕೆ ಮೂಲ ಮೈಸೂರಿನಲ್ಲಿತ್ತು. ಮದುವೆಯಾದ ಹೊಸತರಲ್ಲಿ ಅತ್ತೆಯ ಹರಕೆ ತೀರಿಸಲು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಸಿದ್ದರು. ಭಾರದ ರೇಷ್ಮೆ ಸೀರೆ, ಬರಿಗಾಲು, ಹಿಂದಿನ ದಿನದಿಂದ ಹೊಟ್ಟೆಗೆ ಒಂದು ಹನಿ ಹಾಲು ಬಿಟ್ಟರೆ ಬೇರೇನಿಲ್ಲ. ನಂದಿಯ ಹತ್ತಿರ ಬರುವಷ್ಟರಲ್ಲಿ ಹೊಸ ಸೊಸೆಗೆ ಕಣ್ಣು ಕತ್ತಲಿಟ್ಟಿತು. ಕೂತುಬಿಟ್ಟರು. ಗಂಡ ಗುರುದತ್ತ ಅಂದೇ ತೀರ್ಪು ಕೊಟ್ಟರು: "ಇವಳಿಗೆ ಹತ್ತೋಕೆ ಆಗಲ್ಲ." ಹಸಿವಿಗೆ ಬಂದ ತಲೆಸುತ್ತಿಗೆ ಜೀವಾವಧಿ ಶಿಕ್ಷೆ! ಮೇಲ್ಮನವಿಗೆ ಅವಕಾಶವಿರಲಿಲ್ಲ. ಗುರುದತ್ತ ಕೆಟ್ಟವರಲ್ಲ, ಪ್ರೀತಿಯಿಂದಲೇ ಹೇಳುತ್ತಿದ್ದರು. ಪ್ರೀತಿಯಿಂದ ಹೇಳಿದ್ದಕ್ಕೇ ಅದು ಇಷ್ಟು ವರ್ಷ ನಡೆದುಕೊಂಡು ಬಂತು.

ಹೋದ ದೀಪಾವಳಿಗೆ ಆಸ್ಟಿನ್‌ನಿಂದ ಮಗಳು ನಿಹಾರಿಕಾ ಬಂದಿದ್ದಳು. ಆಫೀಸ್ ಕೆಲಸಕ್ಕೆ ಸ್ಕಾಟ್‌ಲೆಂಡಿಗೆ ಹೋದವಳು ಎರಡು ದಿನ ರಜೆ ಹಾಕಿ ಉತ್ತರದ ಮೂಲೆಯ ಯಾವುದೋ ಗುಡ್ಡ ಹತ್ತಿದ್ದಳು. ಅದರ ಹೆಸರು ಅಲ್ಲಿನವರ ಹಳೆಯ ಭಾಷೆಯದು, ನಮ್ಮ ನಾಲಿಗೆಗೆ ಹೊರಳುವಂಥದ್ದಲ್ಲ. ಮನೆಯಲ್ಲಿ ಅದು "ಆ ಗುಡ್ಡ" ಎಂದೇ ಆಯಿತು. ಫೋಟೋದಲ್ಲಿ ಕಂದು ಹುಲ್ಲು, ಕಪ್ಪು ನೀರು, ಅದರಾಚೆ ಯಾರ ಹಂಗೂ ಇಲ್ಲದಂತೆ ಒಂಟಿಯಾಗಿ ಎದ್ದ ಬೂದು ಕಲ್ಲಿನ ಬೆಟ್ಟ.

"ಎಷ್ಟು ಎತ್ತರ?" ಎಂದರು ಗುರುದತ್ತ.

"ಲೈಕ್, ತ್ರೀ ಥೌಸಂಡ್ ಫೀಟ್, ಅಪ್ಪಾ."

"ಅಷ್ಟೇನಾ? ನಮ್ಮ ಚಾಮುಂಡಿ ಬೆಟ್ಟವೇ ಅದಕ್ಕಿಂತ ಎತ್ತರ! ಚಿಕ್ಕವನಿದ್ದಾಗ ಓಡಿಕೊಂಡು ಹತ್ತುತ್ತಿದ್ದೆ."

ಚಂದ್ರಪ್ರಭಾ ಫೋಟೋದಿಂದ ಕಣ್ಣು ತೆಗೆಯದೆ ಕೇಳಿದರು. "ಬ್ಯಾಗ್ ಎಲ್ಲಿಟ್ಟೆ?"

"ವಾಟ್ ಡು ಯೂ ಮೀನ್? ಬೆನ್ನ ಮೇಲೆ. ಅಲ್ಲಿ ಪಾರ್ಕಿಂಗ್ ಲಾಟ್ ಇಲ್ಲ ಅಮ್ಮಾ. ರಸ್ತೆನೇ ಇಲ್ಲ. ದೋಣಿ ನಮ್ಮನ್ನ ಬಿಟ್ಟು ಹೋಗತ್ತೆ, ಸಂಜೆ ಬರತ್ತೆ."

"ಹಾಗಾದ್ರೆ ನಾನು ಅಲ್ಲಿಗೆ ಹೋಗ್ತೀನಿ."

ಗುರುದತ್ತ ನಕ್ಕರು. "ನಿನಗೆ ಆಗಲ್ಲ ಪ್ರಭಾ. ಮಂಡಿ ನೋವು ಬೇರೆ." ಆಮೇಲೆ ಹೆಂಡತಿಯ ಮುಖ ನೋಡಿ ಸೇರಿಸಿದರು, "ಆಯ್ತು, ನಾನೂ ಬರ್ತೀನಿ ಬಿಡು. ಅರ್ಧದಲ್ಲಿ ನಿನ್ನನ್ನ ಕರ್ಕೊಂಡು ಇಳಿಯೋಕೆ ಒಬ್ಬರು ಬೇಕಲ್ಲ."

ಬೆಳಗಾಗುತ್ತಲೇ ಚಂದ್ರಪ್ರಭಾ ಅಭ್ಯಾಸ ಶುರು ಮಾಡಿದರು. ಆದರೆ ಹೂಸ್ಟನ್ ಅಂದರೆ ಅಂಗೈಯಷ್ಟು ಮಟ್ಟಸ. ಅಲ್ಲಿ ಎತ್ತರವೆಂದು ಇರುವುದು ಫ್ರೀವೇ ಮೇಲ್ಸೇತುವೆಗಳು ಮಾತ್ರ. ಅವರಿಗೆ ನೆನಪಾದದ್ದು ತಾವು ದುಡಿದ ಆಸ್ಪತ್ರೆಯ ಬಹುಮಹಡಿ ಪಾರ್ಕಿಂಗ್ ಗರಾಜ್. ಬಿಸಿಲು ಏರುವ ಮುಂಚೆ ಬೆನ್ನುಚೀಲದಲ್ಲಿ ಸೋನಾ ಮಸೂರಿ ಅಕ್ಕಿ ತುಂಬಿಕೊಂಡು ಅದರ ಮೆಟ್ಟಿಲುಗಳನ್ನು ಹತ್ತಿ ಇಳಿದರು, ಮತ್ತೆ ಹತ್ತಿದರು. ಅಲ್ಲೇ ಕೆಲಸಕ್ಕಿದ್ದ ಪರಿಚಯದ ಮೃಣಾಲಿನಿ ಒಂದು ದಿನ ಎದುರಾಗಿ, "ಆಂಟಿ, ಕಾರ್ ಎಲ್ಲಿ ಪಾರ್ಕ್ ಮಾಡಿದ್ರಿ ಅಂತ ಮರೆತುಹೋಯ್ತಾ? ಹುಡುಕಿಕೊಡ್ಲಾ?" ಎಂದಳು.

"ಕಾರ್ ಸಿಕ್ಕಿದೆ ಕಣಮ್ಮ. ಬೆಟ್ಟ ಹುಡುಕ್ತಾ ಇದ್ದೀನಿ" ಎಂದು ಏದುಸಿರಿನಲ್ಲೇ ಮೇಲೆ ಹೋದರು. ಆ ವಾರವೇ ಊರೆಲ್ಲ ಸುದ್ದಿಯಾಯಿತು. ನಗುವವರು ನಕ್ಕರು. ಚಂದ್ರಪ್ರಭಾ ಚೀಲಕ್ಕೆ ಇನ್ನಷ್ಟು ಅಕ್ಕಿ ಹಾಕಿಕೊಂಡರು. ಗುರುದತ್ತ ಮಾತ್ರ ಸೋಫಾದಿಂದ ಏಳಲಿಲ್ಲ. ಚಾಮುಂಡಿ ಬೆಟ್ಟದಷ್ಟೂ ಇಲ್ಲದ ಗುಡ್ಡಕ್ಕೆ ಅಭ್ಯಾಸ ಬೇರೆ ಕೇಡು!

ಮೇ ತಿಂಗಳ ಕೊನೆಯಲ್ಲಿ ಒಂದು ಬೆಳಗ್ಗೆ, ಸ್ಕಾಟ್‌ಲೆಂಡಿನಲ್ಲಿ, ದೋಣಿ ಗಂಡ ಹೆಂಡತಿ ಮಗಳು ಮೂವರನ್ನೂ, ಮೊರಾಗ್ ಎಂಬ ಬೆಳ್ಳಿ ಕೂದಲಿನ ಗೈಡ್ ಹೆಂಗಸನ್ನೂ ದಡಕ್ಕೆ ಬಿಟ್ಟಿತು. ಕಾಲಡಿ ಸಮುದ್ರದ ಪಾಚಿ, ಉಪ್ಪುಗಾಳಿ. ಗುರುದತ್ತ ತಲೆ ಎತ್ತಿ ಗುಡ್ಡ ನೋಡಿದರು. ಇನ್ನಷ್ಟು ಎತ್ತಿದರು. ಟೋಪಿ ಹಿಂದಕ್ಕೆ ಬಿತ್ತು. ಚಾಮುಂಡಿ ಬೆಟ್ಟ ಮೂರೂವರೆ ಸಾವಿರ ಅಡಿ ಎತ್ತರ ನಿಜ. ಆದರೆ ಮೈಸೂರೇ ಎರಡೂವರೆ ಸಾವಿರ ಅಡಿಯ ಮೇಲೆ ಕೂತಿದೆ. ಅಲ್ಲಿ ಹತ್ತುವುದು ಉಳಿದ ಸಾವಿರ ಅಡಿ ಮಾತ್ರ. ಇಲ್ಲಿ ಮೂರು ಸಾವಿರವೂ ಸಮುದ್ರದಿಂದಲೇ ಶುರು. ಎಣ್ಣೆ ಕಂಪನಿಯ ಇಂಜಿನಿಯರಾಗಿ ಜೀವಮಾನವೆಲ್ಲ ಭೂಮಿಯ ಆಳ ಅಳೆದ ಮನುಷ್ಯನಿಗೆ ಎತ್ತರದ ಲೆಕ್ಕ ಹೀಗೆ ಕೈಕೊಟ್ಟಿತ್ತು. ಚಂದ್ರಪ್ರಭಾ ನಗು ತಡೆದುಕೊಂಡು ಬೂಟಿನ ದಾರ ಬಿಗಿದರು.

ದಾರಿ ಎಂಬುದು ಇರಲಿಲ್ಲ. ನೆಲವೆಲ್ಲ ನೀರು ಕುಡಿದ ಪಾಚಿ, ಹೆಜ್ಜೆ ಇಟ್ಟರೆ ನೆನೆದ ಅವಲಕ್ಕಿಯ ಮೇಲೆ ಕಾಲಿಟ್ಟ ಹಾಗೆ ಒಳಗಿಳಿಯುತ್ತಿತ್ತು. ಟೆಕ್ಸಸ್ ಬಿಸಿಲಿನ ರೂಢಿಯಲ್ಲಿ ಗುರುದತ್ತ ಹೊತ್ತು ತಂದ ನೀರಿನ ಬಾಟಲಿಗಳು ಬೆನ್ನು ಜಗ್ಗುತ್ತಿದ್ದವು, ಸುತ್ತಲೂ ತೊರೆಗಳು ಅವರನ್ನು ಆಡಿಕೊಳ್ಳುವಂತೆ ಹರಿಯುತ್ತಿದ್ದವು. ದೂರದ ಏರಿನಲ್ಲಿ ಜಿಂಕೆಗಳ ಹಿಂಡು ನಿಂತು ಇವರನ್ನೇ ನೋಡಿತು. ಮರವಿಲ್ಲ, ಮನೆಯಿಲ್ಲ, ಕಂಬವಿಲ್ಲ. ಇಷ್ಟು ಖಾಲಿ ಜಾಗವನ್ನು ಚಂದ್ರಪ್ರಭಾ ಎಂದೂ ಕಂಡಿರಲಿಲ್ಲ. ಭಯವಾಯಿತು, ಖುಷಿಯೂ ಆಯಿತು.

ಅರ್ಧ ಏರಿದ ಮೇಲೆ ಹುಲ್ಲು ಮುಗಿದು ಕಲ್ಲು ಶುರುವಾಯಿತು. ಗುರುದತ್ತ ಒಂದು ಬಂಡೆಗೆ ಒರಗಿ ನಿಂತರು. ಮುಖ ಬಿಳಿಚಿಕೊಂಡಿತ್ತು. ಮೇಲಿನಿಂದ ಮೋಡ ಇಳಿಯುತ್ತಿತ್ತು.

"ಸಾಕು ಪ್ರಭಾ. ಮೋಡ ನೋಡು. ಇಳಿಯೋಣ ನಡಿ." ಮೊರಾಗ್ ಕಡೆ ತಿರುಗಿ ಇಂಗ್ಲಿಷಿನಲ್ಲಿ, ನನ್ನ ಹೆಂಡತಿಗೆ ಇನ್ನು ಮುಂದೆ ಆಗುವುದಿಲ್ಲ ಎಂದರು.

ಮೊರಾಗ್, ಮೋಡ ದಾಟಿಹೋಗುತ್ತದೆ, ಅಪಾಯವೇನಿಲ್ಲ ಎಂದಳು. ಆಮೇಲೆ ಗುರುದತ್ತರನ್ನು ಬಿಟ್ಟು ಚಂದ್ರಪ್ರಭಾರ ಮುಖ ನೋಡಿ, ನಿಮಗೆ ಆಗುತ್ತದೆಯೇ ಎಂದು ಕೇಳಿದಳು. ಇಷ್ಟು ವರ್ಷ ಯಾವ ಬೆಟ್ಟದ ಬುಡದಲ್ಲೂ ಯಾರೂ ಅವರಿಗೆ ಹಾಕದ ಪ್ರಶ್ನೆ ಅದು.

ಚಂದ್ರಪ್ರಭಾ ಉತ್ತರಿಸುವ ಮೊದಲು ಗಂಡನ ಕೈ ಹಿಡಿದು ನಾಡಿ ನೋಡಿದರು. ಉಸಿರಿನ ಲಯ ಕೇಳಿದರು, ಎದೆ ನೋವಿದೆಯೇ ಎಂದು ವಿಚಾರಿಸಿದರು. ಅದು ಅವರ ಕಸುಬು, ಅದರಲ್ಲಿ ತಮಾಷೆ ಇಲ್ಲ.

"ನಿಮಗೆ ಏನೂ ಆಗಿಲ್ಲ ರೀ. ದಣಿದಿದ್ದೀರಿ ಅಷ್ಟೆ. ಎರಡು ಖರ್ಜೂರ ತಿನ್ನಿ. ನಿಹಾರಿಕಾ ಜೊತೆ ನಿಧಾನಕ್ಕೆ ಇಳೀರಿ."

"ನೀನು?"

"ನಾನು ಮೇಲೆ ಹೋಗ್ತೀನಿ."

"ನನ್ನನ್ನ ಬಿಟ್ಟು?"

"ಬಿಟ್ಟಲ್ಲ, ಮಗಳ ಕೈಗೆ ಒಪ್ಪಿಸಿ."

"ನಿನ್ನ ಮಂಡಿ, ಪ್ರಭಾ!"

"ಮಂಡಿ ನಂದು. ಅದರ ಪರವಾಗಿ ನೀವು ಮಾತಾಡಬೇಡಿ."

ಗಾಳಿ ಇಲ್ಲದಿದ್ದರೆ ಆ ಮಾತು ದೋಣಿಯವನಿಗೂ ಕೇಳಿಸುತ್ತಿತ್ತು. ನಿಹಾರಿಕಾ ಅಪ್ಪನ ಚೀಲ ತಾನು ಹಾಕಿಕೊಂಡು, "ಗೋ, ಅಮ್ಮಾ. ಹೋಗು, ಹೋಗು!" ಎಂದಳು. ಚಂದ್ರಪ್ರಭಾರಿಗೆ ಅಳು ಬಂದಂತಾಯಿತು. ಹಿಂದಿರುಗಿ ನೋಡಿದರೆ ಕಾಲು ತಿರುಗಿಬಿಡುತ್ತದೆ ಎಂದು ಗೊತ್ತಿತ್ತು. ನೋಡಲಿಲ್ಲ.

ಮೋಡದೊಳಗೆ ಮೊರಾಗ್‌ಳ ಕೆಂಪು ಜಾಕೆಟ್ಟಿನ ಹೊರತು ಏನೂ ಕಾಣುತ್ತಿರಲಿಲ್ಲ. ಮಂಡಿ ನೋಯಿತು. ಸುಳ್ಳೇಕೆ, ಬಹಳ ನೋಯಿತು. ಹಲ್ಲು ಕಚ್ಚಿ, ಬೈದುಕೊಳ್ಳುತ್ತ ಹತ್ತಿದರು. ಮೈಸೂರಿನ ಉಪವಾಸವನ್ನು ಬೈದರು, ರೇಷ್ಮೆ ಸೀರೆಯನ್ನು ಬೈದರು, ಪುಳಿಯೋಗರೆ ಡಬ್ಬಿಯನ್ನೂ ಬಿಡಲಿಲ್ಲ. ಬೈಗುಳ ಮುಗಿಯುವಷ್ಟರಲ್ಲಿ ಹತ್ತಲು ಬೆಟ್ಟವೂ ಉಳಿದಿರಲಿಲ್ಲ. ಎದುರಿಗೆ ಯಾರೋ ಪೇರಿಸಿಟ್ಟ ಕಲ್ಲಿನ ಗುಡ್ಡೆ, ಅದರಾಚೆ ಬರೀ ಗಾಳಿ.

ಸ್ವಲ್ಪ ಹೊತ್ತಿಗೆ ಮೋಡ ಹರಿಯಿತು. ಕೆಳಗೆ ಸಮುದ್ರ, ಅದರ ತುಂಬ ದ್ವೀಪಗಳು, ಒಂದರ ಮೇಲೆ ಬಿಸಿಲು, ಇನ್ನೊಂದರ ಮೇಲೆ ಮಳೆ. ಒಳನಾಡಿನತ್ತ ಲೆಕ್ಕವಿಲ್ಲದಷ್ಟು ಸಣ್ಣ ಕೆರೆಗಳು ಒಟ್ಟಿಗೇ ಹೊಳೆದವು. ಇಂಥ ಹೊತ್ತಿನಲ್ಲಿ ಧನ್ಯತೆ ಬರಬೇಕೆಂದು ಎಲ್ಲರೂ ಹೇಳುತ್ತಾರೆ. ಚಂದ್ರಪ್ರಭಾರಿಗೆ ಬಂದದ್ದು ಸಿಟ್ಟು. ಇದನ್ನೆಲ್ಲ ನೋಡಿಕೊಂಡು ಬಂದು, ತನ್ನ ಮುಂದೆ ಕೂತು, ಕೈ ತೊಳೆದು ಊಟ ಮಾಡಿ ಹೋಗುತ್ತಿದ್ದರಲ್ಲ ಅಷ್ಟೂ ಜನ! ಇಷ್ಟು ವರ್ಷ ತಾನೂ "ಪರವಾಗಿಲ್ಲ, ನೀವು ಹೋಗ್ಬನ್ನಿ" ಅನ್ನುತ್ತಲೇ ಕೂತೆನಲ್ಲ! ಗಾಳಿಗೆ ಮುಖ ಕೊಟ್ಟು ಜೋರಾಗಿ ಅತ್ತರು. ಮೊರಾಗ್ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಟ್ಟಳು.

ಸಂಜೆ ದೋಣಿಯಲ್ಲಿ ಗುರುದತ್ತ ಮೆಲ್ಲಗೆ, "ಮೇಲೆ ಹೇಗಿತ್ತು?" ಎಂದರು. ಚಂದ್ರಪ್ರಭಾರ ಸಿಟ್ಟು ಇಳಿದಿತ್ತು. ಗಂಡನ ಮೇಲೆ ಕನಿಕರವೂ ಬಂತು. ಬಿಸಿಲು ಬಿದ್ದ ದ್ವೀಪ, ಮಳೆ ಬಿದ್ದ ದ್ವೀಪ, ಹೊಳೆದ ಕೆರೆ ಎಲ್ಲವನ್ನೂ ಒಂದೂ ಬಿಡದೆ ಹೇಳಿದರು.

ಟೆಕ್ಸಸ್‌ಗೆ ಮರಳಿದ ಮೇಲೆ ಡಾಲಸ್ ಪಕ್ಕದ ಪ್ಲೇನೋಗೆ ಬಿಡಾರ ಬದಲಿಸಿದ್ದ ಮೃಣಾಲಿನಿಯ ಹೊಸ ಮನೆಯ ಗೃಹಪ್ರವೇಶ. ಮೂರೂ ಊರಿನವರು ಸೇರಿದ್ದರು. ಚಂದ್ರಪ್ರಭಾ ಬೋಂಡದ ತಟ್ಟೆ ಹಿಡಿದು ಹಾಲ್‌ಗೆ ಬಂದರೆ ಗುರುದತ್ತರ ಸುತ್ತ ಜನ ಕೂತಿತ್ತು.

"ಮೋಡ ಅಂದ್ರೆ ಮೋಡ. ಆದ್ರೂ ನಾವು ಬಿಡಲಿಲ್ಲ, ಹತ್ತಿದ್ವಿ. ಮೇಲೆ ನಿಂತು ನೋಡ್ತೀವಿ, ಸಮುದ್ರದ ತುಂಬ ದ್ವೀಪ! ಒಂದರ ಮೇಲೆ ಬಿಸಿಲು, ಪಕ್ಕದ್ದರ ಮೇಲೆ ಮಳೆ..."

ಚಂದ್ರಪ್ರಭಾ ಬಾಗಿಲಲ್ಲೇ ನಿಂತರು. ಇಷ್ಟು ವರ್ಷದ ಮೇಲೆ ಸಿಕ್ಕ ಒಂದೇ ಒಂದು ನೆತ್ತಿ, ಅದೂ ಕೈಬಿಟ್ಟು ಹೋಗುತ್ತಿತ್ತು. ಸುಮ್ಮನಿದ್ದರೆ ಮುಗಿಯಿತು, ಗಂಡನ ಮಾನವೂ ಉಳಿಯುತ್ತಿತ್ತು. ಸುಮ್ಮನಿರುವುದು ಅವರಿಗೆ ಚೆನ್ನಾಗಿ ಬರುತ್ತಿತ್ತು.

"ನಾವಲ್ಲ ರೀ" ಎಂದರು ಅಷ್ಟೂ ಜನರ ಎದುರಿಗೆ. "ಹತ್ತಿದ್ದು ನಾನು."

ಗುರುದತ್ತ ನಗಲು ನೋಡಿದರು. "ಅದೇ ಪ್ರಭಾ, ಇಬ್ಬರೂ ಹೋಗಿದ್ವಲ್ಲ."

"ಹೋಗಿದ್ವಿ. ನೀವು ಅರ್ಧದಲ್ಲಿ ಇಳಿದ್ರಿ. ಅದೇನೂ ತಪ್ಪಲ್ಲ. ಆದ್ರೆ ಆ ದ್ವೀಪಗಳನ್ನ ನೋಡಿದ್ದು ನೀವಲ್ಲ. ಅದನ್ನ ನಾನು ಹೇಳ್ತೀನಿ."

ಚಂದ್ರಪ್ರಭಾ ತಟ್ಟೆಯನ್ನು ಪಕ್ಕಕ್ಕಿಟ್ಟು, ಗುಂಪಿನ ನಡುವೆ ಒಂದು ಕುರ್ಚಿ ಎಳೆದುಕೊಂಡು ಕೂತು, ದೋಣಿ ಬಿಟ್ಟುಹೋದ ದಡದಿಂದ ಶುರು ಮಾಡಿದರು. ನಡುವೆ ಒಮ್ಮೆ ಗುರುದತ್ತ ಏನೋ ಸೇರಿಸಲು ಬಾಯಿ ತೆರೆದರು. ಚಂದ್ರಪ್ರಭಾ ಕೈ ಎತ್ತಿ ಅವರನ್ನು ತಡೆದು, ಮಾತು ಮುಂದುವರಿಸಿದರು.